ಆ 6.25 ಎಲ್ಲಿಂದ ಬಂತು?

ಪತ್ರ: ಮಗಳು ಪೋಷಣಾ ವಿಜ್ಞಾನದ ಪದವಿಗೆ ಸೇರಿ ಒಂದು ಸೆಮಿಸ್ಟರ್ ಮುಗಿಯಿತು. ಊಟ-ತಿಂಡಿಯ ಮಾತೇ ಇಲ್ಲ. ಬರೀ ರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ. ಬಿಟ್ಟು ಆರು ತಿಂಗಳ ಡಯಟ್ ಕೋರ್ಸಿಗೆ ಸೇರುತ್ತೇನೆ ಅನ್ನುತ್ತಾಳೆ. ಸೇರಿಸಲೇ?

ಸಂಪಾದಕರ ಉತ್ತರ: ಆರು ತಿಂಗಳ ಕೋರ್ಸೂ ದಂಡವಲ್ಲ. ಎದುರಿಗೆ ಕೂತವರ ಮಾತು ಕೇಳಿಸಿಕೊಂಡು ಊಟದ ಪಟ್ಟಿ ಹಾಕುವುದನ್ನು ಅಲ್ಲಿ ಬೇಗ ಕಲಿಸುತ್ತಾರೆ. ಅಷ್ಟು ಒಪ್ಪಿದೆ. ಆದರೆ 'ಊಟದ ಮಾತೇ ಇಲ್ಲ' ಅಂದಿರಲ್ಲ, ಅಲ್ಲಿ ಎಡವಿದಿರಿ.

ಪೊಟ್ಟಣದ ಮೇಲೆ ಪ್ರೋಟೀನ್ ಇಷ್ಟು ಗ್ರಾಂ ಅಂತ ಅಚ್ಚಾಗಿರುತ್ತದೆ. ಹೆಚ್ಚಿನ ಸಲ ಅಳೆದದ್ದು ಪ್ರೋಟೀನನ್ನಲ್ಲ, ನೈಟ್ರೋಜನ್ನನ್ನು. 1883ರಲ್ಲಿ ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ಯೋಹಾನ್ ಕೆಲ್ಡಾಲ್ ಹಾಕಿಕೊಟ್ಟ ದಾರಿ, ಅಲ್ಲಲ್ಲಿ ತಿದ್ದಿಸಿಕೊಂಡು ಇವತ್ತಿಗೂ ನಡೆಯುತ್ತಿದೆ. ಒಂದು ಗ್ರಾಂ ಮಾದರಿಯನ್ನು ಸಾಂದ್ರ ಗಂಧಕಾಮ್ಲದಲ್ಲಿ ತಿಳಿಯಾಗುವವರೆಗೆ ಕುದಿಸಬೇಕು. ಕುದಿಬಿಂದು ಏರಲೆಂದು ಪೊಟ್ಯಾಸಿಯಂ ಸಲ್ಫೇಟ್, ವೇಗಕ್ಕೆ ತಾಮ್ರದ ಲವಣ. ಆರಿದ ಮೇಲೆ ನೀರು, ಆಮೇಲೆ ಧಾರಾಳವಾಗಿ ಕ್ಷಾರ. ಮಾದರಿಯ ನೈಟ್ರೋಜನ್ ಅಮೋನಿಯಾ ಆಗಿ ಹೊರಡುತ್ತದೆ. ಅದನ್ನು ಬೋರಿಕ್ ಆಮ್ಲದಲ್ಲಿ ಹಿಡಿದು ಟೈಟ್ರೇಷನ್, ಅಂದರೆ ಸಾಂದ್ರತೆ ಗೊತ್ತಿರುವ ಆಮ್ಲವನ್ನು ಹನಿಹನಿಯಾಗಿ ಬಿಟ್ಟು ಅಳೆಯುವುದು. 0.1 ನಾರ್ಮಲ್ (ಸಾಂದ್ರತೆಯ ಅಳತೆ) ಆಮ್ಲ 12.2 ಮಿ.ಲೀ. ಖರ್ಚಾಯಿತು ಅನ್ನಿ. ಬ್ಲ್ಯಾಂಕಿನ, ಅಂದರೆ ಮಾದರಿ ಹಾಕದೆ ನಡೆಸಿದ ಇದೇ ಪರೀಕ್ಷೆಯ, 0.2 ಕಳೆದರೆ 12. ಮಿ.ಲೀ.ಗೆ 1.4 ಮಿ.ಗ್ರಾಂ ಲೆಕ್ಕದಲ್ಲಿ 16.8 ಮಿ.ಗ್ರಾಂ ನೈಟ್ರೋಜನ್, ಅದನ್ನು 6.25ರಿಂದ ಗುಣಿಸಿದರೆ 105. ಅಂದರೆ ಶೇ 10.5 ಪ್ರೋಟೀನ್.

ಕೊಳವೆಯ ತುದಿ ಬೋರಿಕ್ ಆಮ್ಲದೊಳಗೆ ಮುಳುಗಿರದಿದ್ದರೆ ಅಮೋನಿಯಾ ಗಾಳಿಪಾಲು. ಕ್ಷಾರ ಸಾಲದಿದ್ದರೆ ಅದು ಹೊರಡುವುದೇ ಇಲ್ಲ. ಬ್ಲ್ಯಾಂಕ್ ಕಳೆಯಲು ಮರೆತರೋ, ಇಲ್ಲದ ಪ್ರೋಟೀನ್ ಹುಟ್ಟಿಕೊಳ್ಳುತ್ತದೆ.

ಆ 6.25 ಕೂಡ ದೇವರು ಕೊಟ್ಟದ್ದಲ್ಲ. ಪ್ರೋಟೀನಿನಲ್ಲಿ ನೈಟ್ರೋಜನ್ ಸರಾಸರಿ ಶೇ 16 ಎಂಬ ಅಂದಾಜಿನಿಂದ ಬಂದದ್ದು (100ನ್ನು 16ರಿಂದ ಭಾಗಿಸಿದರೆ 6.25), ಹಾಲಿಗೆ 6.38 ಹಿಡಿಯುತ್ತಾರೆ. ನೈಟ್ರೋಜನ್ ಎಲ್ಲಿಂದ ಬಂತೆಂದು ಈ ಪರೀಕ್ಷೆ ಕೇಳುವುದಿಲ್ಲ. 2008ರಲ್ಲಿ ಬಯಲಾದ ಚೀನಾದ ಹಗರಣದಲ್ಲಿ ನೀರು ಹಾಕಿದ ಹಾಲಿಗೆ ಪ್ಲಾಸ್ಟಿಕ್ ತಯಾರಿಕೆಯ ರಾಸಾಯನಿಕ ಮೆಲಮಿನ್ ಬೆರೆಸಿದವರು ಈ ಸಂದಿಯಲ್ಲೇ ನುಸುಳಿದ್ದು. ಅದರ ತೂಕದ ಮೂರನೇ ಎರಡು ಪಾಲು ನೈಟ್ರೋಜನ್. ಪರೀಕ್ಷೆಯಲ್ಲಿ ಹಾಲು ಪಾಸು, ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿಕೊಂಡದ್ದು ಕೂಸುಗಳಿಗೆ.

ಇನ್ನು ಸಂಖ್ಯಾಶಾಸ್ತ್ರ. ಕ್ಯಾರೆಟ್ಟಿಗೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಸಮೀಕ್ಷೆಗಳು ಹೇಳುತ್ತಿದ್ದವು. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರನ್ನು ಗುಂಪು ಮಾಡಿ, ಕೆಲವರಿಗೆ ದಿನಕ್ಕೆ 20 ಮಿ.ಗ್ರಾಂ ಮಾತ್ರೆ ಕೊಟ್ಟು ನೋಡಿದರು. 1994ರಲ್ಲಿ ಫಲಿತಾಂಶ ಬಂತು: ಬೀಟಾ ಕ್ಯಾರೊಟಿನ್ ನುಂಗಿದವರಲ್ಲಿ ಆ ಕ್ಯಾನ್ಸರ್ ಶೇ 18ರಷ್ಟು ಹೆಚ್ಚು!

ಇವತ್ತು ಬಾಯಿ ತೆರೆದರೆ 'ಸಂಶೋಧನೆ ಹೇಳುತ್ತದೆ'. ಎಷ್ಟು ಜನರ ಮೇಲೆ, ಎಷ್ಟು ದಿನ, ಯಾರಿಗೆ ಹೋಲಿಸಿ ಎಂದು ಕೇಳಿ ನೋಡಿ, ಮಾತು ಅಲ್ಲಿಗೇ ನಿಲ್ಲುತ್ತದೆ. ಇಲಿಗೆ ಕೊಟ್ಟದ್ದನ್ನು ಮನುಷ್ಯರಿಗೆ ಬಡಿಸುವ ತಲೆಬರಹಗಳ ವಿಷಯದಲ್ಲಿ ನಮ್ಮ ಪತ್ರಿಕಾ ಕುಲವೂ ಸಾಚಾ ಅಲ್ಲ ಬಿಡಿ.

ಮಗಳ ರೆಕಾರ್ಡ್ ಪುಸ್ತಕ ತೆರೆಸಿ, ಬ್ಲ್ಯಾಂಕ್ ಎಷ್ಟು ಬಂದಿತ್ತು ಎಂದು ಕೇಳಿ. ಥಟ್ಟನೆ ಹೇಳಿದಳೋ, ಆ ಕೋರ್ಸಿನ ಅರ್ಜಿ ಹರಿದುಹಾಕಿ.