‘ಗೋ’ ಹೋಗಿ ‘ವೆಂಟ್’ ಬಂದದ್ದು ಹೇಗೆ?

ಪ್ರಶ್ನೆ: ಮೇಷ್ಟ್ರೇ, ‘ಗೋ’ಗೆ ಭೂತಕಾಲ ‘ಗೋಡ್’ ಯಾಕಲ್ಲ, ‘ವೆಂಟ್’ ಎಲ್ಲಿಂದ ಬಂತು ಅಂತ ನನ್ನ ಮಗಳು ಕೇಳುತ್ತಾಳೆ. ಹಾಲು ಕೆಟ್ಟರೂ ‘ವೆಂಟ್ ಬ್ಯಾಡ್’ ಅನ್ನುತ್ತಾರಲ್ಲ, ಹಾಲು ಎಲ್ಲಿಗೆ ಹೋಯಿತು ಅನ್ನುವುದು ಅವಳ ಇನ್ನೊಂದು ಅನುಮಾನ.

ಉತ್ತರ: ಮಗಳಿಗೆ ಮೊದಲು ನನ್ನ ಶಭಾಷ್ ಹೇಳಿ. 30 ವರ್ಷ ಇಂಗ್ಲಿಷ್ ಪಾಠ ಮಾಡಿದೆ. ‘ಗೋಡ್’ ಎಂದು ಬರೆದ ಮಕ್ಕಳ ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಎಳೆದು ಪುಟ ತಿರುಗಿಸಿಬಿಡುತ್ತಿದ್ದೆ. ಕಾರಣ ಹೇಳಲಿಲ್ಲವಲ್ಲ ಎಂಬ ಬೇಸರ ಇವತ್ತಿಗೂ ಇದೆ.

‘ವೆಂಟ್’ ಹುಟ್ಟಿದ್ದು ‘ಗೋ’ ಮನೆಯಲ್ಲಲ್ಲ. ‘ವೆಂಡ್’ ಎಂಬ ಇನ್ನೊಂದು ಕ್ರಿಯಾಪದವಿದೆ. ತಿರುಗು, ಸಾಗು ಎಂದು ಅರ್ಥ. ‘ಸೆಂಡ್–ಸೆಂಟ್’, ‘ಬೆಂಡ್–ಬೆಂಟ್’, ‘ಸ್ಪೆಂಡ್–ಸ್ಪೆಂಟ್’ ಆದಮೇಲೆ ‘ವೆಂಡ್’ ಎಂದು ಹೇಳಿ ನಿಲ್ಲಿಸಿ, ಮುಂದಿನದನ್ನು ಅವಳ ಬಾಯೇ ಹೇಳುತ್ತದೆ. ಹಳೆಯ ಇಂಗ್ಲಿಷಿನಲ್ಲಿ ‘ಗೋ’ಗೆ ಬೇರೆಯೇ ಒಂದು ಭೂತರೂಪವಿತ್ತು. ಅದು ಸವೆದು ಮರೆಯಾಗುತ್ತ ಬಂದಾಗ ‘ವೆಂಟ್’ ಆ ಜಾಗದಲ್ಲಿ ಬಂದು ಕೂತಿತು. ಸುಮಾರು 1500ರ ಹೊತ್ತಿಗೆ ಅಲ್ಲೇ ನೆಲೆಯಾಯಿತು. ಪಾಪ, ‘ವೆಂಡ್’ ತನಗೆ ‘ವೆಂಡೆಡ್’ ಎಂಬ ಹೊಸ ರೂಪ ಮಾಡಿಕೊಳ್ಳಬೇಕಾಯಿತು. ಸ್ಕಾಟ್‌ಲೆಂಡಿನ ಸ್ಕಾಟ್ಸ್ ನುಡಿಯಲ್ಲಿ ‘ಹೋದ’ ಎನ್ನಲು ‘ಗೇಡ್’ ಎಂಬ ರೂಪವಿದೆ. ಹಾಗಾಗಿ ನಿಮ್ಮ ಮಗಳು ಯೋಚಿಸಿದ ದಾರಿ ಸರಿಯಾಗಿಯೇ ಇದೆ. ಪರೀಕ್ಷೆಯಲ್ಲಿ ಮಾತ್ರ ‘ವೆಂಟ್’ ಎಂದೇ ಬರೆಯಲಿ.

ಇನ್ನು ಹಾಲು. ನಾವೂ ‘ಹಾಲು ಕೆಟ್ಟುಹೋಯ್ತು’ ಅನ್ನುತ್ತೇವಲ್ಲ! ಮುರಿದುಹೋಯಿತು, ಕಳೆದುಹೋಯಿತು, ಮರೆತುಹೋಯಿತು. ಎಲ್ಲಿಗೂ ಪ್ರಯಾಣವಿಲ್ಲ, ಇದ್ದ ಸ್ಥಿತಿಯಿಂದ ಜಾರಿದ್ದು ಅಷ್ಟೇ. ಇಂಗ್ಲಿಷಿನಲ್ಲೂ ಕುರುಡಾದರೆ ‘ಗೋ ಬ್ಲೈಂಡ್’, ತಲೆ ಬೋಳಾದರೆ ‘ಗೋ ಬಾಲ್ಡ್’. ಕನಸು ನನಸಾದರೆ ಮಾತ್ರ ‘ಕಮ್ ಟ್ರೂ’. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷೆಗಳು ಹೀಗೆ ಒಂದೇ ತರ ಯೋಚಿಸುವುದನ್ನು ಕಂಡಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಹಾಗಂತ ‘ಹೋಗು’ ಕೆಟ್ಟದ್ದಕ್ಕೆ ಮಾತ್ರ ಎಂಬ ನಿಯಮವಿದೆ ಅಂದುಕೊಳ್ಳಬೇಡಿ, ನಮ್ಮಲ್ಲಿ ‘ಸರಿಹೋಯಿತು’ ಅನ್ನುವುದೂ ಉಂಟು. ಬಲ್ಬ್ ಹೋದರೆ ಬ್ರಿಟಿಷರು ‘ದ ಬಲ್ಬ್ ಹ್ಯಾಸ್ ಗಾನ್’ ಎನ್ನುತ್ತಾರೆ, ಥೇಟ್ ನಮ್ಮ ಹಾಗೆ. ಆದರೆ ‘ದ ಕ್ಲಾಕ್ ಈಸ್ ಗೋಯಿಂಗ್’ ಅಂದರೆ ಗಡಿಯಾರ ಹಾಳಾಗುತ್ತಿದೆ ಎಂದಲ್ಲ, ಚೆನ್ನಾಗಿ ನಡೆಯುತ್ತಿದೆ ಎಂದು.

ನೀವು ಕೇಳದಿದ್ದರೂ ಇದೊಂದನ್ನು ಹೇಳಲೇಬೇಕು, ದೊಡ್ಡವರೂ ಇಲ್ಲಿ ತಪ್ಪುತ್ತಾರೆ. ‘ಅವಳು ಬ್ಯಾಂಕಿಗೆ ಹೋಗಿದ್ದಾಳೆ’ ಎಂಬುದಕ್ಕೆ ‘ಹ್ಯಾಸ್ ಗಾನ್’, ‘ಹೋಗಿಬಂದಿದ್ದಾಳೆ’ ಎಂಬುದಕ್ಕೆ ‘ಹ್ಯಾಸ್ ಬೀನ್’. ಮನೆಯಲ್ಲಿ ಎದುರಿಗೆ ಕೂತು ‘ಐ ಹ್ಯಾವ್ ಗಾನ್ ಟು ದ ಬ್ಯಾಂಕ್’ ಅಂದರೆ, ಹೇಳುತ್ತಿರುವವರು ಇನ್ನೂ ಬ್ಯಾಂಕಿನಿಂದ ವಾಪಸ್ ಬಂದಿಲ್ಲ ಎಂದಾಗುತ್ತದೆ.