ಅಪ್ಪ ಅಮ್ಮನ ಜೊತೆ ಕೆರಿಬಿಯನ್ ಕ್ರೂಸ್: ಕುಕ್ಕರ್ ಮನೆಯಲ್ಲೇ ಬಿಟ್ಟು ಬನ್ನಿ

ನಮಸ್ಕಾರ ಮೇಡಂ. ತಿಪಟೂರಿನಿಂದ ಅಪ್ಪ ಅಮ್ಮ ನವೆಂಬರ್‌ನಲ್ಲಿ ಡಾಲಸ್‌ಗೆ ಬರುತ್ತಿದ್ದಾರೆ, ಡಿಸೆಂಬರ್‌ನಲ್ಲಿ ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಬಂದರಿನಿಂದ 7 ದಿನದ ಕೆರಿಬಿಯನ್ ಕ್ರೂಸ್, ಅಂದರೆ ಹಡಗಿನ ಪ್ರವಾಸ, ಅಂದುಕೊಂಡಿದ್ದೀರಿ. ಅಪ್ಪನಿಗೆ ಬಿಪಿ, ಶುಗರ್. ಅಮ್ಮನಿಗೆ ಮಂಡಿ ನೋವು. ಇಬ್ಬರೂ ಮೊಟ್ಟೆ ಕೂಡ ಮುಟ್ಟುವುದಿಲ್ಲ. ಏನು ತಯಾರಿ ಬೇಕು ಅಂತ ಕೇಳಿದ್ದೀರಿ. ನಿಮ್ಮ ಪೋಸ್ಟಿಗೆ ಉತ್ತರ ಕೊಟ್ಟವರೆಲ್ಲರೂ ಸ್ವಿಮ್‌ಸೂಟ್, ಡ್ರಿಂಕ್ಸ್ ಪ್ಯಾಕೇಜ್ ಬಗ್ಗೆ ಚೆನ್ನಾಗಿ ಬರೆದಿದ್ದಾರೆ. ನಾನು ಹೂಸ್ಟನ್‌ನವನು. ನಮ್ಮ ಮನೆಯ ಹಿರಿಯರನ್ನು ಇದೇ ದಾರಿಯಲ್ಲಿ ಎರಡು ಸಲ ಕರೆದುಕೊಂಡು ಹೋಗಿ ಬಂದಿದ್ದೇನೆ. ನನ್ನ ಅನುಭವದಲ್ಲಿ ಬಟ್ಟೆ ಮರೆತು ಯಾರ ಪ್ರವಾಸವೂ ಕೆಡುವುದಿಲ್ಲ. ಕೆಡುವುದು ಎರಡೇ ಕಡೆ. ಒಂದು ಕಾಗದಪತ್ರ, ಇನ್ನೊಂದು ಮೊದಲ ದಿನ ಕೈಯಲ್ಲಿರುವ ಚೀಲ.

ಕಾಗದಪತ್ರ ಮೊದಲು ನೋಡೋಣ. ಹಡಗು ಹೊರಡುವುದೂ ಗ್ಯಾಲ್ವೆಸ್ಟನ್‌ನಿಂದ, ವಾಪಸ್ ಬರುವುದೂ ಅಲ್ಲಿಗೇ. ಹಾಗಂತ ಅಮೆರಿಕದ ಒಳಗೇ ಸುತ್ತಾಡಿದಂತೆ ಅಲ್ಲ. ದೇಶ ಬಿಟ್ಟು ಹೋಗಿ ಮತ್ತೆ ಒಳಗೆ ಬರುತ್ತೀರಿ. ಅಪ್ಪ ಅಮ್ಮನ ಬಿ-2 ಪ್ರವಾಸಿ ವೀಸಾ ಮಲ್ಟಿಪಲ್ ಎಂಟ್ರಿಯೇ, ಅಂದರೆ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬರಬಹುದೇ ಅಂತ ನೋಡಿಕೊಳ್ಳಿ. ಬಹುತೇಕ ಹಾಗೇ ಇರುತ್ತದೆ, ಆದರೂ ಕಣ್ಣಾರೆ ನೋಡಿ. ವಾಪಸ್ ಬಂದಾಗ ಇನ್ನೊಂದು 6 ತಿಂಗಳು ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ. ಹತ್ತಿರದ ದ್ವೀಪಗಳಿಗೆ, ಮೆಕ್ಸಿಕೊಗೆ ಹೋಗಿ ಬಂದವರಿಗೆ ಸಾಮಾನ್ಯವಾಗಿ ಹಳೆಯ ಗಡುವೇ ಮುಂದುವರಿಯುತ್ತದೆ. ಬಂದ ಮೇಲೆ ಆನ್‌ಲೈನ್‌ನಲ್ಲಿ ಐ-94 (ಯಾವತ್ತಿನವರೆಗೆ ಇರಬಹುದು ಅನ್ನುವ ದಾಖಲೆ) ತೆಗೆದು ತಾರೀಖು ನೋಡಿ.

ನೀವು ಎಚ್-1ಬಿ, ಅಂದರೆ ಕೆಲಸದ ವೀಸಾದವರು ಅಂತ ಬರೆದಿದ್ದೀರಿ. ಪಾಸ್‌ಪೋರ್ಟಿನಲ್ಲಿರುವ ವೀಸಾ ಸ್ಟಾಂಪ್ ಇನ್ನೂ ಚಾಲ್ತಿಯಲ್ಲಿದೆಯಾ? ಇದನ್ನು ಇವತ್ತೇ ನೋಡಿ. ಐ-797 (ಎಚ್-1ಬಿ ಮಂಜೂರಾದ ಪತ್ರ) ಕೈಯಲ್ಲಿದೆ, ಸ್ಟಾಂಪ್ ಮುಗಿದರೇನಂತೆ ಅನ್ನುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಮೆಕ್ಸಿಕೊ, ಕೆನಡಾಕ್ಕೆ ಹೋಗಿ 30 ದಿನದೊಳಗೆ ಬರುವವರಿಗೆ ಒಂದು ವಿನಾಯಿತಿ ಇರುವುದು ನಿಜ. ಆದರೆ ಎಚ್-1ಬಿಯವರಿಗೆ ಅದು ಆ ಎರಡು ದೇಶಕ್ಕೆ ಮಾತ್ರ. ನಿಮ್ಮ ಹಡಗು ಮೆಕ್ಸಿಕೊದ ಕೊಝುಮೆಲ್ ಜೊತೆ ಹೊಂಡುರಾಸ್‌ನ ರೊವಾಟಾನ್‌ಗೋ ಬೆಲೀಜ್‌ಗೋ ಹೋದರೆ ಮುಗಿಯಿತು, ವಿನಾಯಿತಿ ಇಲ್ಲ. ಸ್ಟಾಂಪ್ ಮುಗಿದಿದ್ದರೆ ಕ್ರೂಸ್ ಮುಂದಕ್ಕೆ ಹಾಕಿ. ಬೇಜಾರಾಗುತ್ತದೆ ನಿಜ, ಕೆಲಸಕ್ಕೆ ಕುತ್ತು ಬರುವುದಿಲ್ಲ.

ಭಾರತದ ಪಾಸ್‌ಪೋರ್ಟಿಗೆ ಒಂದೊಂದು ಬಂದರಿನಲ್ಲಿ ಒಂದೊಂದು ನಿಯಮ. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೊಗೆ ಬೇರೆ ವೀಸಾ ಬೇಡ. ಮಿಕ್ಕ ಬಂದರುಗಳ ಪಟ್ಟಿ ಮಾಡಿ ಕ್ರೂಸ್ ಕಂಪನಿಗೆ ಮೇಲ್ ಹಾಕಿ, ಉತ್ತರವನ್ನು ಪ್ರಿಂಟ್ ತೆಗೆದುಕೊಳ್ಳಿ. ಫೋನಿನಲ್ಲಿ ಯಾರೋ ‘ನೋ ಪ್ರಾಬ್ಲಂ’ ಅಂದರು ಅಂತ ನಂಬಿಕೊಂಡು ಹೋಗಬೇಡಿ. ಕಾಗದ ಸರಿ ಇಲ್ಲದಿದ್ದರೆ ಹಡಗು ಹತ್ತಿಸುವುದಿಲ್ಲ, ದುಡ್ಡೂ ವಾಪಸ್ ಬರುವುದಿಲ್ಲ.

ಇನ್ಶೂರೆನ್ಸ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಅಪ್ಪ ಅಮ್ಮನಿಗೆ ನೀವು ಮಾಡಿಸುವ ವಿಸಿಟರ್ ಇನ್ಶೂರೆನ್ಸ್ ಅಮೆರಿಕದ ಹೊರಗೆ, ಹಡಗಿನ ಮೇಲೆ ನಡೆಯುತ್ತದೆಯೇ ಕೇಳಿ. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ. ಆದರೆ ಬಿಲ್ ನೇರವಾಗಿ ನಿಮ್ಮ ರೂಮಿನ ಖಾತೆಗೆ ಬೀಳುತ್ತದೆ, ಕ್ಲೇಮ್ ಆಮೇಲಿನ ಮಾತು. ನಡುನೀರಿನಿಂದ ಹೆಲಿಕಾಪ್ಟರ್‌ನಲ್ಲಿ ಆಸ್ಪತ್ರೆಗೆ ಸಾಗಿಸಬೇಕಾಗಿ ಬಂದರೆ ಆ ಖರ್ಚೂ ಇನ್ಶೂರೆನ್ಸ್‌ನಲ್ಲಿ ಸೇರಿರಬೇಕು. ಈ ವಯಸ್ಸಿನವರಿಗೆ ಅದಿಲ್ಲದೆ ನಾನಂತೂ ಹೊರಡುವುದಿಲ್ಲ.

ಈಗ ಚೀಲದ ಕಥೆ. ಬಂದರಿಗೆ ಹೋದ ತಕ್ಷಣ ದೊಡ್ಡ ಸೂಟ್‌ಕೇಸ್‌ಗಳನ್ನು ಪೋರ್ಟರ್‌ಗಳು ತೆಗೆದುಕೊಳ್ಳುತ್ತಾರೆ. ಅವು ನಿಮ್ಮ ರೂಮಿನ ಬಾಗಿಲಿಗೆ ಬರುವುದು ಮಧ್ಯಾಹ್ನದ ಮೇಲೆ, ಕೆಲವೊಮ್ಮೆ ರಾತ್ರಿ. ನಮ್ಮ ಮೊದಲ ಪ್ರವಾಸದಲ್ಲಿ ಮೂರು ಸೂಟ್‌ಕೇಸ್ ಬಂದವು, ಅಮ್ಮನದು ಬರಲಿಲ್ಲ. ಗಂಟೆ ಎಂಟಾಯಿತು, ಒಂಬತ್ತಾಯಿತು. ಅಪ್ಪನ ರಾತ್ರಿಯ ಬಿಪಿ ಮಾತ್ರೆ, ಓದುವ ಕನ್ನಡಕ ಎರಡೂ ಅದೇ ಪೆಟ್ಟಿಗೆಯಲ್ಲಿ. ಕೇಳಲು ಹೋದರೆ ಕೆಳಗಿನ ಡೆಕ್ಕಿನ ಒಂದು ಸಣ್ಣ ರೂಮಿಗೆ ಕಳಿಸಿದರು. ಅಲ್ಲಿ ಸಾಲಾಗಿ ಪೆಟ್ಟಿಗೆಗಳು, ಅವುಗಳ ಮುಂದೆ ತಪ್ಪು ಮಾಡಿದ ಮಕ್ಕಳ ಹಾಗೆ ನಿಂತ ಯಜಮಾನರು. ಒಬ್ಬರದು ಇಸ್ತ್ರಿಪೆಟ್ಟಿಗೆ. ಇನ್ನೊಬ್ಬರದು ಬಾಟಲಿ. ನಮ್ಮದು ಎಲೆಕ್ಟ್ರಿಕ್ ರೈಸ್ ಕುಕ್ಕರ್! ಅಮ್ಮ ಸೀರೆಯಲ್ಲಿ ಸುತ್ತಿ, ಒಳಗೆ ಎರಡು ಪಾವು ಸೋನಾಮಸೂರಿ ತುಂಬಿ, ನಮಗೆ ಯಾರಿಗೂ ಹೇಳದೆ ಇಟ್ಟಿದ್ದರು. ಸೆಕ್ಯೂರಿಟಿಯವನು ನಗುತ್ತಲೇ ಕುಕ್ಕರ್‌ಗೆ ಚೀಟಿ ಅಂಟಿಸಿ ಒಳಗಿಟ್ಟುಕೊಂಡ. ಅದು ಮತ್ತೆ ನಮ್ಮ ಕೈ ಸೇರಿದ್ದು ಇಳಿಯುವ ದಿನ.

ಬೆಂಕಿಯ ಭಯಕ್ಕೆ ಹಡಗಿನಲ್ಲಿ ಬಿಸಿಯಾಗುವ ಸಾಮಾನು ಬಹುತೇಕ ಯಾವುದನ್ನೂ ಬಿಡುವುದಿಲ್ಲ. ಕುಕ್ಕರ್, ಕೆಟಲ್, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಎಲ್ಲ ಬಂದ್. ಎಕ್ಸ್‌ಟೆನ್ಶನ್ ಬೋರ್ಡನ್ನೂ ಎಷ್ಟೋ ಹಡಗುಗಳಲ್ಲಿ ಎತ್ತಿಟ್ಟುಕೊಳ್ಳುತ್ತಾರೆ. ಊದುಬತ್ತಿ, ಮೇಣದಬತ್ತಿ, ದೀಪ ಹಚ್ಚುವಂತಿಲ್ಲ. ನಿಮ್ಮ ಅಮ್ಮನಿಗೆ ಇದನ್ನು ಮೊದಲೇ ಹೇಳಿ, ಬ್ಯಾಟರಿ ದೀಪ ತೆಗೆದುಕೊಟ್ಟುಬಿಡಿ. ಹೊರಡುವ ಹಿಂದಿನ ರಾತ್ರಿ ಹಿರಿಯರ ಪೆಟ್ಟಿಗೆಯನ್ನು ನೀವೇ ಒಮ್ಮೆ ತೆಗೆದು ನೋಡಿ. ಕೋಪ ಬಂದರೂ ಪರವಾಗಿಲ್ಲ.

ಕೈಚೀಲದಲ್ಲಿ ಪಾಸ್‌ಪೋರ್ಟ್, ಬೋರ್ಡಿಂಗ್ ಪಾಸ್, ಏಳೂ ದಿನದ ಮಾತ್ರೆ ಜೊತೆಗೆ ನಾಲ್ಕು ದಿನದ್ದು ಜಾಸ್ತಿ, ಡಾಕ್ಟರ ಚೀಟಿ, ಕನ್ನಡಕ, ಒಂದು ಜೊತೆ ಬಟ್ಟೆ, ಒಂದು ಸ್ವೆಟರ್ ಇರಲಿ. ಕೆರಿಬಿಯನ್‌ಗೆ ಸ್ವೆಟರ್ ಯಾಕೆ ಅಂತೀರಾ? ಡಿಸೆಂಬರ್‌ನಲ್ಲಿ ಗ್ಯಾಲ್ವೆಸ್ಟನ್ ಬಂದರಿನಲ್ಲಿ ಗಾಳಿ ಕೊರೆಯುತ್ತದೆ. ಹಡಗಿನ ಊಟದ ಹಾಲ್‌ನಲ್ಲಿ ಎಸಿ ಕೊರೆಯುತ್ತದೆ. ಅಪ್ಪ ಇನ್ಸುಲಿನ್ ತೆಗೆದುಕೊಳ್ಳುವವರಾದರೆ ರೂಮಿನ ಫ್ರಿಜ್ ಸಾಕಷ್ಟು ತಣ್ಣಗಿರುತ್ತದೆಯೇ ಮೊದಲೇ ಕೇಳಿಡಿ.

ಡಾಲಸ್‌ನಿಂದ ಅವತ್ತೇ ಬೆಳಿಗ್ಗೆ ಹೊರಡುವ ಸಾಹಸ ಬೇಡ. ಕಾರಿನಲ್ಲಿ ಸುಮಾರು ಐದು ಗಂಟೆ. ಹಿಂದಿನ ದಿನವೇ ಬಂದು ಮಲಗಿ. ಬಂದರಿನಲ್ಲಿ ಅಮ್ಮನಿಗೆ ವೀಲ್‌ಚೇರ್ ಕೇಳಿ, ಸಂಕೋಚ ಬೇಡ. ಸಾಲು ಉದ್ದ ಇರುತ್ತದೆ. ಬುಕ್ ಮಾಡುವಾಗಲೇ ಕೇಳಿಟ್ಟರೆ ಇನ್ನೂ ಒಳ್ಳೆಯದು. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಆ ಚಿಂತೆ ನಿಮಗಿಲ್ಲ. ನಿಮಗಿರುವುದು ಮಂಜಿನ ಚಿಂತೆ. ಚಳಿಗಾಲದಲ್ಲಿ ಗ್ಯಾಲ್ವೆಸ್ಟನ್ ಕಾಲುವೆಗೆ ಸಮುದ್ರದ ಮಂಜು ಕವಿದರೆ ಹಡಗುಗಳನ್ನು ಬಿಡುವುದಿಲ್ಲ, ಗಂಟೆಗಟ್ಟಲೆ ತಡ. ಹಾಗಾಗಿ ಇಳಿಯುವ ದಿನ ಮಧ್ಯಾಹ್ನ ಆಫೀಸ್ ಮೀಟಿಂಗ್ ಇಟ್ಟುಕೊಳ್ಳಬೇಡಿ.

ರೂಮಿನ ವಿಷಯಕ್ಕೆ ಬಂದರೆ, ಬಾಲ್ಕನಿಗಿಂತ ರೂಮ್ ಎಲ್ಲಿದೆ ಅನ್ನುವುದು ಮುಖ್ಯ. ಕೊಝುಮೆಲ್ ಸೇರುವ ಮೊದಲು ಒಂದು ಪೂರ್ತಿ ದಿನ ಬರೀ ನೀರು. ಉತ್ತರದ ಗಾಳಿ ಎದ್ದರೆ ಗಲ್ಫ್‌ನಲ್ಲಿ, ಅಂದರೆ ಮೆಕ್ಸಿಕೊ ಕೊಲ್ಲಿಯಲ್ಲಿ, ಹಡಗು ಚೆನ್ನಾಗಿ ತೂಗುತ್ತದೆ. ಹಡಗಿನ ನಡುಭಾಗ, ಕೆಳಗಿನ ಡೆಕ್ ನೋಡಿ ರೂಮ್ ಹಿಡಿಯಿರಿ. ಸೀ-ಸಾ ಹಲಗೆ ತುದಿಗಿಂತ ನಡುವೆ ಕಡಿಮೆ ಆಡುತ್ತದಲ್ವಾ, ಹಾಗೆ. ಲಿಫ್ಟಿಗೆ ಹತ್ತಿರ ಇದ್ದರೆ ಅಮ್ಮನ ಮಂಡಿಗೂ ಒಳ್ಳೆಯದು. ವಾಂತಿ ತಡೆಯುವ ಮೆಕ್ಲಿಝಿನ್ ಮಾತ್ರೆ ಇಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಹೊಟ್ಟೆ ತೊಳಸುವ ಮೊದಲೇ ತೆಗೆದುಕೊಂಡರೆ ಕೆಲಸ ಮಾಡುತ್ತದೆ. ತೂಕಡಿಕೆ ಬರುತ್ತದೆ. ಅಪ್ಪನ ಬೇರೆ ಮಾತ್ರೆಗಳ ಜೊತೆ ಆಗುತ್ತದೆಯೇ ಅಂತ ಅವರ ಡಾಕ್ಟರನ್ನು ಕೇಳಿ. ಶುಂಠಿ ಪೆಪ್ಪರ್‌ಮಿಂಟ್ ಜೇಬಿನಲ್ಲಿರಲಿ.

ಊಟದ ಬಗ್ಗೆ ನೀವು ಹೆದರಿದಷ್ಟು ಕಷ್ಟ ಇಲ್ಲ. ಬುಕ್ ಮಾಡುವಾಗ ‘ಇಂಡಿಯನ್ ವೆಜಿಟೇರಿಯನ್, ಮೊಟ್ಟೆ ಇಲ್ಲ’ ಅಂತ ಬರೆಸಿ. ಮೊದಲ ರಾತ್ರಿ ಊಟದ ಹಾಲ್‌ನಲ್ಲಿ ಹೆಡ್ ವೇಟರನ್ನು ಹುಡುಕಿ ಮಾತಾಡಿ. ಸಿಬ್ಬಂದಿಯಲ್ಲಿ ನಮ್ಮ ದೇಶದವರು ತುಂಬಾ ಜನ. ನಮ್ಮ ಟೇಬಲ್ಲಿಗೆ ಬರುತ್ತಿದ್ದ ಹುಡುಗ ಮಂಗಳೂರಿನವನು. ಎರಡನೇ ದಿನದಿಂದ ನಮ್ಮಮ್ಮನಿಗೆ ಮೆನುವಿನಲ್ಲೇ ಇಲ್ಲದ ಬೇಳೆ ಸಾರು, ಅನ್ನ, ಮೊಸರು ಬಂತು. ಇವತ್ತು ಹೇಳಿದರೆ ನಾಳೆಗೆ ಮಾಡಿಕೊಡುತ್ತಾರೆ. ಊಟದ ಹೊತ್ತಿಗೆ ಕೇಳಿದರೆ ಪಾಸ್ತಾವೇ ಗತಿ. ಸೂಪ್ ಮಾತ್ರ ಕೇಳದೆ ಕುಡಿಯಬೇಡಿ, ತರಕಾರಿ ಸೂಪಿಗೂ ಕೋಳಿಯ ಸ್ಟಾಕ್ (ಕೋಳಿ ಬೇಯಿಸಿದ ನೀರು) ಹಾಕಿರಬಹುದು. ಕೇಕಿನಲ್ಲಿ ಮೊಟ್ಟೆ, ಜೆಲ್ಲಿ ತರಹದ ಸಿಹಿಯಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡುವ ಜೆಲಟಿನ್. ಮನೆಯಲ್ಲಿ ಮಾಡಿದ ತಿಂಡಿಯನ್ನು ಎಷ್ಟೋ ಹಡಗುಗಳಲ್ಲಿ ಬಿಡುವುದಿಲ್ಲ. ಅಂಗಡಿಯ ಸೀಲ್ ಇರುವ ಪ್ಯಾಕೆಟ್ ಆದರೆ ಸರಿ. ಕೋಡುಬಳೆ, ಖಾಕ್ರಾ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು, ಅವಲಕ್ಕಿ ಕಪ್ಪುಗಳು. ಬಫೆಯಲ್ಲಿ ಬಿಸಿನೀರು ಯಾವಾಗಲೂ ಸಿಗುತ್ತದೆ. ಆ ಹಾಳು ಕುಕ್ಕರ್ ಯಾಕೆ ಬೇಕಿತ್ತು ಹೇಳಿ! ಬಫೆಗೆ ಹೋಗುವ ಮೊದಲು ಸೋಪು ಹಾಕಿ ಕೈ ತೊಳೆಯಲು ಹೇಳಿ. ಹಡಗಿನಲ್ಲಿ ಹರಡುವ ವಾಂತಿಭೇದಿಯ ನೊರೋವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ತಾಗುವುದಿಲ್ಲ.

ಯಾರೂ ಬರೆಯದ ಒಂದು ವಿಷಯ: ಟಾಯ್ಲೆಟ್‌ನಲ್ಲಿ ಜೆಟ್ ಇಲ್ಲ, ಮಗ್ಗೂ ಇಲ್ಲ. ಒಂದು ಪ್ಲಾಸ್ಟಿಕ್ ಮಗ್ ಪೆಟ್ಟಿಗೆಯಲ್ಲಿರಲಿ. ಇದಕ್ಕೆ ನಿಮ್ಮ ತಂದೆ ತಾಯಿ ನಿಮ್ಮನ್ನು ಜೀವನಪೂರ್ತಿ ಹರಸುತ್ತಾರೆ.

ಹಡಗು ಹಿಡಿಯುವಾಗ ಬಂದರುಗಳ ಪಟ್ಟಿ ಚೆನ್ನಾಗಿ ನೋಡಿ. ಕೊಝುಮೆಲ್, ರೊವಾಟಾನ್, ಕೋಸ್ಟಾ ಮಾಯಾದಲ್ಲಿ ಹಡಗು ದಡಕ್ಕೇ ಬಂದು ನಿಲ್ಲುತ್ತದೆ. ಬೆಲೀಜ್ ಸಿಟಿ, ಗ್ರ್ಯಾಂಡ್ ಕೇಮನ್‌ನಲ್ಲಿ ದೊಡ್ಡ ಹಡಗುಗಳು ದೂರದಲ್ಲೇ ಲಂಗರು ಹಾಕಿ, ಜನರನ್ನು ಸಣ್ಣ ದೋಣಿಯಲ್ಲಿ ದಡಕ್ಕೆ ಬಿಡುತ್ತವೆ. ಅಲುಗಾಡುವ ದೋಣಿಗೆ ಹತ್ತಿ ಇಳಿಯುವುದು ಮಂಡಿ ನೋವಿನವರಿಗೆ ಕಷ್ಟ. ನಾನಾದರೆ ಆ ಎರಡೂ ಇಲ್ಲದ ಹಡಗು ಹುಡುಕುತ್ತೇನೆ. ಕೊಝುಮೆಲ್‌ನಿಂದ ಮೆಕ್ಸಿಕೊದ ಪ್ರಾಚೀನ ಮಾಯಾ ಜನರ ಊರಾದ ತುಲುಮ್‌ಗೆ ಹೋಗುವ ಟೂರ್ ಎಲ್ಲರೂ ಹೊಗಳುತ್ತಾರೆ. ಮೊದಲು ಅಲೆಯಲ್ಲಿ ಫೆರ್ರಿ, ಆಮೇಲೆ ಬಸ್ಸು, ಬಿಸಿಲಲ್ಲಿ ನಡಿಗೆ, ಮತ್ತೆ ಫೆರ್ರಿ. ಬೇಡ. ಮಾಯಾ ಜನರ ಗುಡಿಗಳನ್ನು ನೋಡುವ ಆಸೆ ಇದ್ದರೆ ಕೋಸ್ಟಾ ಮಾಯಾದಿಂದ ಚಾಕ್ಚೊಬೆನ್‌ಗೆ ಹೋಗಿ. ಬಸ್ಸಿನಲ್ಲಿ ಒಂದು ಗಂಟೆ, ಕಾಡಿನ ನೆರಳು. ನಮ್ಮ ಅಪ್ಪ ಅಲ್ಲಿನ ಕಲ್ಲಿನ ಮೆಟ್ಟಿಲ ಮುಂದೆ ನಿಂತು, ‘ಗಾರೆ ಕೆಲಸ ನೋಡೋ’ ಅಂತ ಅರ್ಧ ಗಂಟೆ ಅಲ್ಲಾಡಲಿಲ್ಲ.

ನಿಮ್ಮ ತಂದೆಗೆ ಕ್ರಿಕೆಟ್ ಹುಚ್ಚು ಅಂದಿರಲ್ಲ, ಹಾಗಾಗಿ ಒಂದು ಮಾತು. ಕ್ರಿಕೆಟ್ ದ್ವೀಪಗಳಾದ ಬಾರ್ಬಡೋಸ್, ಆಂಟಿಗಾ ಕಡೆಗೆ ಗ್ಯಾಲ್ವೆಸ್ಟನ್‌ನಿಂದ ಏಳು ದಿನದಲ್ಲಿ ಹೋಗಿ ಬರಲು ಆಗುವುದಿಲ್ಲ. ಅದಕ್ಕೆ ಪೋರ್ಟೊ ರಿಕೊದ ಸಾನ್ ಹ್ವಾನ್‌ನಿಂದ ಹೊರಡುವ ಹಡಗು ಹಿಡಿಯಬೇಕು. ಆಂಟಿಗಾದ ಸೇಂಟ್ ಜಾನ್ಸ್‌ನಲ್ಲಿ ಹಡಗು ಇಳಿದು ನಡೆದು ಹೋಗುವಷ್ಟು ದೂರದಲ್ಲೇ ಹಳೆಯ ರಿಕ್ರಿಯೇಶನ್ ಗ್ರೌಂಡ್ ಇದೆ. 2002ರಲ್ಲಿ ನಮ್ಮ ಕುಂಬ್ಳೆ ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದು ಲಾರಾನ ವಿಕೆಟ್ ತೆಗೆದಿದ್ದು ಅಲ್ಲೇ. ನಾನಿನ್ನೂ ಹೋಗಿಲ್ಲ, ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದೇನೆ.

ದಡಕ್ಕೆ ಇಳಿದಾಗ ಗಡಿಯಾರದ ಬಗ್ಗೆ ಎಚ್ಚರ. ಡಿಸೆಂಬರ್‌ನಲ್ಲಿ ಕೊಝುಮೆಲ್ ಟೆಕ್ಸಸ್‌ಗಿಂತ ಒಂದು ಗಂಟೆ ಮುಂದೆ, ರೊವಾಟಾನ್ ಟೆಕ್ಸಸ್‌ನ ಸಮಯದಲ್ಲೇ. ಹಡಗು ಒಮ್ಮೊಮ್ಮೆ ತನ್ನ ಗಡಿಯಾರ ಬದಲಿಸುತ್ತದೆ, ಒಮ್ಮೊಮ್ಮೆ ಇಲ್ಲ. ಫೋನು ಮಾತ್ರ ದಡದ ಟವರ್ ನೋಡಿ ತಾನೇ ಬದಲಾಗುತ್ತದೆ. ಹಡಗು ಮುಂದಿದ್ದು ಫೋನು ಹಿಂದಿದ್ದರೆ ಕೆಟ್ಟಿತು. ಅಪ್ಪನ ಹತ್ತಿರ ನಿಮ್ಮ ತುಮಕೂರು ಫ್ಯಾಕ್ಟರಿಯ ಹಳೆಯ ಎಚ್‌ಎಂಟಿ ಇದ್ದರೆ ಅದನ್ನೇ ಕಟ್ಟಿಸಿ, ಹಡಗಿನ ಸಮಯಕ್ಕೆ ತಿರುಗಿಸಿಡಿ. ಹಡಗಿನವರೇ ಮಾಡುವ ಟೂರ್ ತಡವಾದರೆ ಹಡಗು ಕಾಯುತ್ತದೆ. ನೀವೇ ಟ್ಯಾಕ್ಸಿ ಹಿಡಿದು ಹೋಗಿದ್ದರೆ ಕಾಯುವುದಿಲ್ಲ.

ದುಡ್ಡು: ಟಿಕೆಟ್ ಬೆಲೆಯ ಮೇಲೆ ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ಟಿಪ್ಸ್ ಸೇರುತ್ತದೆ. ವೈಫೈ ಬೇಕಿದ್ದರೆ ಹತ್ತುವ ಮೊದಲೇ ಕೊಳ್ಳಿ, ಅಗ್ಗ. ಹಡಗು ಹೊರಟ ಕೂಡಲೇ ಎಲ್ಲರ ಫೋನೂ ಏರೋಪ್ಲೇನ್ ಮೋಡ್‌ಗೆ. ಅಪ್ಪ ಅಮ್ಮನ ಫೋನನ್ನು ನೀವೇ ಹಾಕಿ. ಒಂದು, ಐದು ಡಾಲರ್‌ನ ಚಿಲ್ಲರೆ ನೋಟು ಒಂದಿಷ್ಟು ಇರಲಿ.

ಫಾರ್ಮಲ್ ನೈಟ್‌ಗೆ, ಅಂದರೆ ಎಲ್ಲರೂ ಚೆನ್ನಾಗಿ ಅಲಂಕರಿಸಿಕೊಂಡು ಊಟಕ್ಕೆ ಬರುವ ರಾತ್ರಿಗೆ, ಹೊಸ ಬಟ್ಟೆ ಕೊಳ್ಳಬೇಡಿ. ಅಮ್ಮನ ಮೈಸೂರು ಸಿಲ್ಕ್ ಸೀರೆ, ಅಪ್ಪನ ಪಂಚೆ ಶಲ್ಯ ಸಾಕು. ನಮ್ಮಮ್ಮನ ಜೊತೆ ಫೋಟೋ ತೆಗೆಸಿಕೊಳ್ಳಲು ಗೊತ್ತೇ ಇಲ್ಲದ ಅಜ್ಜಿಯರು ಸಾಲಾಗಿ ನಿಂತಿದ್ದರು.

ಕೊನೆಯ ರಾತ್ರಿ ಸೂಟ್‌ಕೇಸ್‌ಗಳನ್ನು ಬಾಗಿಲ ಹೊರಗೆ ಇಡಲು ಹೇಳುತ್ತಾರೆ, ಅವು ಮತ್ತೆ ಸಿಗುವುದು ಬಂದರಿನಲ್ಲಿ. ಬೆಳಿಗ್ಗೆ ಹಾಕಿಕೊಳ್ಳುವ ಬಟ್ಟೆ, ಚಪ್ಪಲಿ, ಪಾಸ್‌ಪೋರ್ಟ್ ಹೊರಗೆ ತೆಗೆದಿಟ್ಟುಕೊಳ್ಳಿ. ಎರಡನೇ ಸಲ ನಮ್ಮ ಮಾವನವರು ಬಹಳ ಶಿಸ್ತಾಗಿ ಎಲ್ಲ ಪ್ಯಾಂಟುಗಳನ್ನೂ ಮಡಚಿ ಪೆಟ್ಟಿಗೆಗೆ ಹಾಕಿ ಹೊರಗಿಟ್ಟುಬಿಟ್ಟಿದ್ದರು. ಬೆಳಿಗ್ಗೆ ಮಲಗಿದ್ದ ಪಂಚೆಯ ಮೇಲೇ ಸ್ವೆಟರ್ ಹಾಕಿಕೊಂಡು ಇಮಿಗ್ರೇಶನ್ ದಾಟಿದರು. ಆಫೀಸರ್ ತಲೆ ಎತ್ತಿ ನೋಡಿ ‘ನೈಸ್’ ಅಂದ.

ಹಡಗಿನ ತಾರೀಖು, ಬಂದರುಗಳ ಪಟ್ಟಿ ಇಲ್ಲೇ ಕೆಳಗೆ ಹಾಕಿ ಮೇಡಂ. ದೋಣಿಯಲ್ಲಿ ಇಳಿಯಬೇಕಾದ ಜಾಗ ಯಾವುದಾದರೂ ಇದೆಯೇ ನೋಡಿ ಹೇಳುತ್ತೇನೆ.