ಸಾಧುವಾಗಿದ್ದ ಆಮೆ ಈಗ ಕಚ್ಚೋಕೆ ಬರುತ್ತಿದೆ, ಯಾಕೆ?

ಮೂರು ವರ್ಷದಿಂದ ಸಾಕಿದ ರೆಡ್ ಇಯರ್ಡ್ ಸ್ಲೈಡರ್ (ಕಿವಿಯ ಹತ್ತಿರ ಕೆಂಪು ಪಟ್ಟಿ ಇರುವ ನೀರಾಮೆ) ಈಗ ಜೊತೆಯ ಆಮೆಯನ್ನು ಅಟ್ಟಾಡಿಸುತ್ತಿದೆ, ಕೈ ಹಾಕಿದರೆ ಕಚ್ಚಲು ಬರುತ್ತಿದೆ ಅಂತ ಕೇಳಿದ್ದೀರಿ.

ಅದು ಪ್ರಾಯಕ್ಕೆ ಬಂದಿರಬಹುದು. ಗಂಡು ಸ್ಲೈಡರ್ ಚಿಪ್ಪು ಸುಮಾರು 10 ಸೆಂ.ಮೀ. ಆಗುವ ಹೊತ್ತಿಗೆ ಬೆದೆ ಶುರು. ಮುಂಗಾಲಿನ ಉಗುರು ಉದ್ದವಾಗಿ, ಬಾಲ ದಪ್ಪಗಿದ್ದರೆ ಗಂಡು. ಎದುರಿನ ಆಮೆಯ ಮುಖದ ಮುಂದೆ ಎರಡೂ ಮುಂಗಾಲು ಚಾಚಿ ಉಗುರುಗಳನ್ನು ಪಟಪಟ ನಡುಗಿಸುತ್ತಾ? ಅದು ಹೆಣ್ಣನ್ನು ಒಲಿಸುವ ರೀತಿ. ಎದುರಿಗಿರುವುದೂ ಗಂಡಾದರೆ ಅದೇ ದಬ್ಬಾಳಿಕೆ ಆಗುತ್ತದೆ. ಕುತ್ತಿಗೆ, ಬಾಲದಲ್ಲಿ ಗಾಯ ಕಂಡರೆ ಇವತ್ತೇ ಬೇರೆ ತೊಟ್ಟಿಗೆ ಹಾಕಿ. ಒಂಟಿಯಾದರೆ ಬೇಜಾರು ಅನ್ನೋದು ನಮ್ಮ ಚಿಂತೆ, ಆಮೆಯದ್ದಲ್ಲ.

ಹೆಣ್ಣಾದರೆ ಕಥೆ ಬೇರೆ. ಊಟ ಬಿಟ್ಟು, ಗಾಜು ಕೆರೆದು, ಹಿಂಗಾಲಿನಿಂದ ತೋಡುವ ಹಾಗೆ ಮಾಡಿದರೆ ಮೊಟ್ಟೆ ಇಡಲು ಜಾಗ ಹುಡುಕುತ್ತಿರಬಹುದು. ಗಂಡು ಇಲ್ಲದೆಯೂ ಮೊಟ್ಟೆ ಆಗುತ್ತದೆ. ಆಳವಾದ ಟಬ್ಬಿನಲ್ಲಿ ಒದ್ದೆ ಮರಳು ತುಂಬಿ ಕೊಡಿ. ಮೊಟ್ಟೆ ಒಳಗೇ ಸಿಕ್ಕಿಕೊಂಡರೆ ಪ್ರಾಣಕ್ಕೇ ಕುತ್ತು.

ಕೈ ಕಚ್ಚುವುದು ಎಷ್ಟೋ ಸಲ ಸುಮ್ನೆ ಹೊಟ್ಟೆಬಾಕತನ. ಬೆರಳನ್ನೇ ತಿಂಡಿ ಅಂದುಕೊಳ್ಳುತ್ತದೆ. ತಿಂಡಿಯನ್ನು ಇಕ್ಕಳದಲ್ಲಿ ಹಿಡಿದು ಕೊಡಿ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಆಮೆಯ ಮೈಮೇಲೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು.

ನನ್ನ ಪ್ರಕಾರ ಕಚ್ಚುವ ಆಮೆಗಿಂತ ಸಪ್ಪಗಾದ ಆಮೆಗೇ ಜಾಸ್ತಿ ಹೆದರಬೇಕು. ಓರೆಯಾಗಿ ತೇಲುತ್ತಾ, ಮೂಗಲ್ಲಿ ಗುಳ್ಳೆ ಬಂದರೆ ನ್ಯುಮೋನಿಯಾ ಇರಬಹುದು. ತಡಮಾಡದೆ ಆಮೆಗಳನ್ನು ನೋಡುವ ಪಶುವೈದ್ಯರ ಹತ್ತಿರ ಹೋಗಿ.